ಗ್ಯಾಸ್ ತುಂಬಿಸುವ ಮೊದಲು ಸೋರಿಕೆ ಹುಡುಕಿ: ಕಾರಿನ ಎಸಿ ರಿಪೇರಿ

ಮಾರ್ಚ್ ಬಂತೆಂದರೆ ಕಾರ್ ಎಸಿ ಅಂಗಡಿಗಳ ಮುಂದೆ ಗಾಡಿಗಳ ಸಾಲು. ಹತ್ತರಲ್ಲಿ ಎಂಟು ಜನಕ್ಕೆ ಸಿಗುವ ಉತ್ತರ ಒಂದೇ: "ಗ್ಯಾಸ್ ಕಮ್ಮಿ ಆಗಿದೆ ಸಾರ್, ಹಾಕಿಬಿಡೋಣ." ಅರ್ಧ ಗಂಟೆಯಲ್ಲಿ ತಣ್ಣನೆ ಗಾಳಿ ಬರುತ್ತದೆ, ದುಡ್ಡು ಕೊಟ್ಟು ಹೊರಡುತ್ತೀರಿ. ಮುಂದಿನ ಮಾರ್ಚ್‌ಗೆ, ಕೆಲವೊಮ್ಮೆ ಮುಂದಿನ ತಿಂಗಳಿಗೇ, ಮತ್ತೆ ಅದೇ ಅಂಗಡಿ, ಅದೇ ಮಾತು. ಇದ್ದ ಗ್ಯಾಸ್ ಎಲ್ಲಿಗೆ ಹೋಯಿತು ಎಂದು ಮಾತ್ರ ಅವರೂ ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ಎಸಿ ಗ್ಯಾಸ್ ಪೆಟ್ರೋಲ್ ಹಾಗೆ ಉರಿದು ಖರ್ಚಾಗುವುದಿಲ್ಲ. ಮುಚ್ಚಿದ ಪೈಪುಗಳೊಳಗೆ ಅದೇ ಗ್ಯಾಸ್ ಸುತ್ತುತ್ತಾ ಇರುತ್ತದೆ, ಅಷ್ಟೇ. ರಬ್ಬರ್ ಪೈಪುಗಳ ಮೂಲಕ, ಜಾಯಿಂಟುಗಳ ಮೂಲಕ ವರ್ಷಕ್ಕೆ ಹತ್ತಿಪ್ಪತ್ತು ಗ್ರಾಂ ತಾನಾಗಿ ಹೋಗುವುದುಂಟು. ಹಾಗಾಗಿ ಆರೇಳು ವರ್ಷದ ಗಾಡಿಗೆ ಒಮ್ಮೆ ಗ್ಯಾಸ್ ಹಾಕಿಸಬೇಕಾಗಿ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಆದರೆ ಪ್ರತಿ ಬೇಸಿಗೆಗೂ ಬೇಕಾಗುತ್ತಿದೆ ಅಂದರೆ ಎಲ್ಲೋ ತೂತಿದೆ. ತೂತು ಮುಚ್ಚದೆ ಗ್ಯಾಸ್ ತುಂಬಿಸುವುದು ಸುಮ್ನೆ ದುಡ್ಡು ಗಾಳಿಗೆ ಬಿಟ್ಟ ಹಾಗೆ. ಗ್ಯಾಸ್ ಜೊತೆ ಸ್ವಲ್ಪ ಸ್ವಲ್ಪ ಆಯಿಲ್ ಕೂಡ ಹೊರಗೆ ಹೋಗುತ್ತಿರುತ್ತದೆ. ಆಯಿಲ್ ಕಮ್ಮಿಯಾದ ಕಂಪ್ರೆಸರ್, ಅಂದರೆ ಗ್ಯಾಸನ್ನು ಒತ್ತಿ ಸುತ್ತಿಸುವ ಪಂಪು, ಒಂದು ದಿನ ಜಾಮ್ ಆಗುತ್ತದೆ. ಆಗ ಬರುವ ಬಿಲ್ಲು ಬೇರೆಯದೇ ಲೆಕ್ಕ.

ನಮ್ಮಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲಿರುವುದು ಆರ್-134ಎ ಗ್ಯಾಸ್. ಇದರ ಬಿಸಿ ಹಿಡಿದಿಡುವ ಶಕ್ತಿ ಇಂಗಾಲದ ಡೈಆಕ್ಸೈಡ್‌ಗಿಂತ ಸುಮಾರು 1430 ಪಟ್ಟು. ಒಂದು ಚಿಕ್ಕ ಕಾರಿನ 400 ಗ್ರಾಂ ಗ್ಯಾಸ್ ಪೂರ್ತಿ ಸೋರಿ ಹೋದರೆ 570 ಕಿಲೋ ಇಂಗಾಲದ ಡೈಆಕ್ಸೈಡ್ ಬಿಟ್ಟ ಹಾಗೆ. ಅಂದರೆ ಸುಮಾರು 250 ಲೀಟರ್ ಪೆಟ್ರೋಲ್ ಸುಟ್ಟಷ್ಟು. ವರ್ಷ ವರ್ಷ ಟಾಪ್-ಅಪ್ ಮಾಡಿಸುವ ಮೊದಲು ಈ ಲೆಕ್ಕವೂ ಗೊತ್ತಿರಲಿ.

ಇಲ್ಲಿ ಬರೆದಿರುವುದರಲ್ಲಿ ಕೆಲವನ್ನು ನೀವೇ ಮನೆಯ ಮುಂದೆ ಮಾಡಬಹುದು. ಕೆಲವಕ್ಕೆ ವ್ಯಾಕ್ಯೂಮ್ ಪಂಪು, ಗೇಜು ಇರುವ ಅಂಗಡಿಯೇ ಬೇಕು. ಅಲ್ಲಿಗೆ ಹೋದಾಗಲೂ ಏನು ಮಾಡಿಸಬೇಕು, ಏನು ಬೇಡ ಅನ್ನಬೇಕು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದಂತೆ.

ಮೊದಲು, ನಿಜಕ್ಕೂ ಗ್ಯಾಸೇ ಕಮ್ಮಿನಾ?

ಕೂಲಿಂಗ್ ಇಲ್ಲ ಅಂದ ತಕ್ಷಣ ಗ್ಯಾಸ್ ಇಲ್ಲ ಅಂತ ಅಲ್ಲ. ಗಾಳಿ ತಣ್ಣಗಿದೆ ಆದರೆ ಜೋರಾಗಿ ಬರುತ್ತಿಲ್ಲ ಅಂದರೆ ಕ್ಯಾಬಿನ್ ಫಿಲ್ಟರ್ ತೆಗೆದು ನೋಡಿ. ಗ್ಲೋವ್ ಬಾಕ್ಸ್ ಹಿಂದೆ ಇರುತ್ತದೆ, ಐದು ನಿಮಿಷದ ಕೆಲಸ. ಧೂಳು, ಒಣಗಿದ ಎಲೆ, ಕೆಲವೊಮ್ಮೆ ಇಲಿ ಕಟ್ಟಿದ ಗೂಡು ಎಲ್ಲಾ ಸಿಗುತ್ತದೆ. ಹೈವೇಯಲ್ಲಿ ತಣ್ಣಗಿದ್ದು ಸಿಗ್ನಲ್‌ನಲ್ಲಿ ನಿಂತ ಕೂಡಲೇ ಬೆಚ್ಚಗಾಗುತ್ತಿದ್ದರೆ ಮೊದಲ ಅನುಮಾನ ಕಂಡೆನ್ಸರ್, ಅಂದರೆ ಬಿಸಿ ಗ್ಯಾಸನ್ನು ತಣಿಸುವ ಜಾಲರಿ, ಅದರ ಫ್ಯಾನ್ ಮೇಲೆ. ಎಸಿ ಆನ್ ಮಾಡಿ ಬಾನೆಟ್ ಎತ್ತಿ ನೋಡಿದರೆ ಫ್ಯಾನ್ ತಿರುಗುತ್ತಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಗ್ಯಾಸ್ ಕಮ್ಮಿಯಾದಾಗಿನ ಲಕ್ಷಣ ಬೇರೆ. ಹಳೆಯ ಥರದ ಕಂಪ್ರೆಸರ್ ಆದರೆ ಕ್ಲಚ್ ಕೆಲವೇ ಸೆಕೆಂಡಿಗೊಮ್ಮೆ ಟಕ್ ಅಂತ ಹಿಡಿದು ಟಕ್ ಅಂತ ಬಿಡುತ್ತದೆ. ಹೊಸ ಗಾಡಿಗಳ ಎಷ್ಟೋ ಕಂಪ್ರೆಸರ್‌ಗಳಲ್ಲಿ ಈ ಸದ್ದು ಇರುವುದಿಲ್ಲ, ಕೂಲಿಂಗ್ ಮೆಲ್ಲಗೆ ಕುಂದುತ್ತಾ ಹೋಗುತ್ತದೆ. ಬೆಳಿಗ್ಗೆ ಪರವಾಗಿಲ್ಲ, ಮಧ್ಯಾಹ್ನ ಏನೂ ಇಲ್ಲ ಅನ್ನುವ ಸ್ಥಿತಿ. ಅದಕ್ಕೇ ಬೆಂಗಳೂರಿನಲ್ಲಿ ಸರಿ ಇದ್ದ ಎಸಿ ರಾಯಚೂರು, ಕಲಬುರಗಿ ಕಡೆ ಹೋದ ದಿನ ಕೈ ಕೊಡುತ್ತದೆ. ಗ್ಯಾಸ್ ಅವತ್ತೇ ಹೋಗಿದ್ದಲ್ಲ, ಮೊದಲೇ ಕಮ್ಮಿ ಇದ್ದದ್ದು ಅವತ್ತು ಗೊತ್ತಾಯಿತು ಅಷ್ಟೇ.

ಮೀಟರ್ ಹಾಕಿ ನೋಡುವುದಾದರೆ ಒಂದು ವಿಷಯ ಚೆನ್ನಾಗಿ ನೆನಪಿಡಿ. ಇಂಜಿನ್ ಆಫ್ ಇದ್ದಾಗ ಗೇಜ್ ತೋರಿಸುವ ಪ್ರೆಶರ್‌ಗೂ ಒಳಗಿರುವ ಗ್ಯಾಸ್‌ನ ತೂಕಕ್ಕೂ ನೇರ ಸಂಬಂಧ ಇಲ್ಲ. ಒಳಗೆ ಸ್ವಲ್ಪ ದ್ರವ ಗ್ಯಾಸ್ ಉಳಿದಿದ್ದರೂ ಸಾಕು, 25 ಡಿಗ್ರಿ ಸೆಕೆಗೆ ಸುಮಾರು 80 ಪಿಎಸ್‌ಐ (ಪ್ರೆಶರ್ ಅಳತೆ), 30 ಡಿಗ್ರಿಗೆ 95ರ ಆಸುಪಾಸು, 35 ಡಿಗ್ರಿಗೆ 115ರ ಹತ್ತಿರ ತೋರಿಸುತ್ತದೆ. ಗಾಡಿ ಫುಲ್ ಇದ್ದರೂ ಅಷ್ಟೇ, ಅರ್ಧ ಇದ್ದರೂ ಅಷ್ಟೇ. "ನೋಡಿ ಸಾರ್, ಎಂಬತ್ತು ಇದೆ, ಗ್ಯಾಸ್ ಫುಲ್" ಅಂತ ಯಾರಾದರೂ ನಿಂತ ಗಾಡಿಯ ಮೀಟರ್ ತೋರಿಸಿದರೆ ತಲೆ ಆಡಿಸಬೇಡಿ. ಈ ಅಂಕಿಗಿಂತ ತುಂಬಾ ಕೆಳಗಿದ್ದರೆ ಮಾತ್ರ ಅದಕ್ಕೆ ಅರ್ಥ ಇದೆ: ಒಳಗೆ ದ್ರವವೇ ಉಳಿದಿಲ್ಲ, ಸಿಸ್ಟಮ್ ಹೆಚ್ಚುಕಮ್ಮಿ ಖಾಲಿ.

ಇಂಜಿನ್ ಓಡುವಾಗ ನೀಲಿ ಗೇಜ್ (ಕಮ್ಮಿ ಪ್ರೆಶರ್ ಕಡೆ) 25ರಿಂದ 45, ಕೆಂಪು ಗೇಜ್ (ಹೆಚ್ಚು ಪ್ರೆಶರ್ ಕಡೆ) 150ರಿಂದ 250 ಪಿಎಸ್‌ಐ ನಡುವೆ ಇದ್ದರೆ ಸಾಮಾನ್ಯ. ಹೊರಗಿನ ಸೆಕೆ ನೋಡಿಕೊಂಡು ಏರುಪೇರು ಇರುತ್ತದೆ. ಎರಡೂ ಕಡೆ ಕಮ್ಮಿ ಇದ್ದರೆ ಗ್ಯಾಸ್ ಕಮ್ಮಿ ಅನ್ನಬಹುದು.

ಕಣ್ಣಿನಿಂದ ಶುರು ಮಾಡಿ

ಗ್ಯಾಸ್ ಕಣ್ಣಿಗೆ ಕಾಣದು. ಆದರೆ ಅದರ ಜೊತೆ ಹೊರಬರುವ ಆಯಿಲ್ ಕಾಣುತ್ತದೆ. ಆಯಿಲ್ ಮೇಲೆ ಧೂಳು ಅಂಟಿಕೊಳ್ಳುತ್ತದೆ. ಹಾಗಾಗಿ ಸೋರಿಕೆ ಹುಡುಕುವುದು ಎಂದರೆ ಮುಕ್ಕಾಲು ಪಾಲು ಅಂಟು ಕೊಳೆ ಹುಡುಕುವ ಕೆಲಸ. ಒಳ್ಳೆ ಟಾರ್ಚ್ ಒಂದು, ಉದ್ದ ಹಿಡಿಯ ಚಿಕ್ಕ ಕನ್ನಡಿ ಒಂದು, ಒಂದಿಷ್ಟು ಟಿಶ್ಯೂ ಪೇಪರ್ ಇಟ್ಟುಕೊಳ್ಳಿ. ಗಾಡಿ ತಣ್ಣಗಿರಲಿ. ನೋಡುವ ಮೊದಲು ಇಂಜಿನ್ ತೊಳೆಸಬೇಡಿ. ತೊಳೆದರೆ ಸಾಕ್ಷಿಯೇ ಹೋಗುತ್ತದೆ.

ಕಂಡೆನ್ಸರ್‌ನಿಂದ ಶುರು ಮಾಡಿ. ರೇಡಿಯೇಟರ್ ಮುಂದೆ, ಬಂಪರ್ ಜಾಲರಿಯ ಹಿಂದೆ ಇರುವ ಅಲ್ಯೂಮಿನಿಯಂ ಹಲಗೆ ಅದು. ಮುಂದಿನ ಲಾರಿಯ ಟೈರಿನಿಂದ ಸಿಡಿದ ಕಲ್ಲು ಮೊದಲು ಬಡಿಯುವುದು ಇದಕ್ಕೇ. ಇಡೀ ಮೈ ಒಣ ಕೆಂಪು ಧೂಳು ಕೂತು ಮಂಕಾಗಿರುತ್ತದೆ. ಅದರ ನಡುವೆ ರೂಪಾಯಿ ಬಿಲ್ಲೆಯಷ್ಟು ಅಗಲ ಮಾತ್ರ ಕಪ್ಪಗೆ, ಒದ್ದೆ ಮಣ್ಣಿನ ಹಾಗೆ ಅಂಟಾಗಿ ಕಂಡರೆ, ನಡುವಿನ ಫಿನ್ ಒಂದು ಮಡಚಿಕೊಂಡಿದ್ದರೆ, ಅಲ್ಲಿ ಬೆರಳಿಟ್ಟು ನೋಡಿ. ಜಿಡ್ಡು ಬಂತಾ? ಬಹುಪಾಲು ಸಿಕ್ಕಿತು ಎಂದೇ ಲೆಕ್ಕ. ಕೆಳಗಿನ ಎರಡು ಮೂಲೆಗಳನ್ನೂ ಬಿಡಬೇಡಿ. ಕೆಸರು ಕೂತು ಅಲ್ಯೂಮಿನಿಯಂ ತಿನ್ನುವುದು ಅಲ್ಲೇ. ಮಂಗಳೂರು, ಉಡುಪಿ, ಕಾರವಾರದ ಕಡೆ ಓಡಾಡುವ ಗಾಡಿಗಳಲ್ಲಿ ಉಪ್ಪುಗಾಳಿ ಸೇರಿ ಇದು ಇನ್ನೂ ಬೇಗ.

ಆಮೇಲೆ ಪೈಪುಗಳು. ಅಲ್ಯೂಮಿನಿಯಂ ಪೈಪಿಗೆ ರಬ್ಬರ್ ಹೋಸ್ ಒತ್ತಿ ಕೂರಿಸಿರುವ ಜಾಗ, ಅಂದರೆ ಕ್ರಿಂಪ್, ಅದರ ಸುತ್ತ ಜಿಡ್ಡಿನ ಉಂಗುರ ಇದೆಯಾ ನೋಡಿ. ಪೈಪನ್ನು ಬಾಡಿಗೆ ಕ್ಲಾಂಪ್ ಮಾಡಿರುವ ಜಾಗದಲ್ಲಿ ಕ್ಲಾಂಪ್ ಬಿಚ್ಚಿ ಅದರ ಅಡಿ ನೋಡಿ. ಕೆಸರು ಅಲ್ಲಿ ಒಳಗೇ ಕೂತು ಪೈಪನ್ನು ತಿಂದಿರುತ್ತದೆ, ಮೇಲಿಂದ ಗೊತ್ತೇ ಆಗುವುದಿಲ್ಲ. ಜಾಯಿಂಟುಗಳಲ್ಲಿ ಓ-ರಿಂಗ್, ಅಂದರೆ ಸೋರದ ಹಾಗೆ ತಡೆಯುವ ರಬ್ಬರ್ ಉಂಗುರ ಇರುತ್ತದೆ. ಹತ್ತು ವರ್ಷದ ಬಿಸಿಗೆ ಅದು ಗಟ್ಟಿಯಾಗಿ ಚಪ್ಪಟೆಯಾಗಿರುತ್ತದೆ.

ಕಂಪ್ರೆಸರ್‌ನಲ್ಲಿ ನೋಡಬೇಕಾದದ್ದು ಪುಲ್ಲಿಯ ಹಿಂದೆ. ಶಾಫ್ಟ್ ಸೀಲ್ ಸೋರಿದರೆ ತಿರುಗುವ ಪುಲ್ಲಿ ಆಯಿಲನ್ನು ಸುತ್ತಲೂ ಎರಚುತ್ತದೆ. ಪುಲ್ಲಿಯ ನೇರಕ್ಕೆ ಬಾನೆಟ್ಟಿನ ಒಳಮೈ ಮೇಲೋ ಪಕ್ಕದ ತಗಡಿನ ಮೇಲೋ ಜಿಡ್ಡಿನ ಗೆರೆ ಎಳೆದ ಹಾಗೆ ಬಿದ್ದಿರುತ್ತದೆ. ಸೀಲ್ ಹತ್ತಿರ ಒಂಚೂರು ತೇವ ಇದ್ದರೆ ಭಯಪಡಬೇಡಿ, ಗೆರೆ ಬಿದ್ದಿದ್ದರೆ ಮಾತ್ರ ಕೆಲಸ ಇದೆ.

ಕೊನೆಗೆ ತುಂಬಾ ಜನ ಮರೆಯುವ ಜಾಗ: ಗ್ಯಾಸ್ ತುಂಬಿಸುವ ಎರಡು ಪೋರ್ಟ್‌ಗಳು. ಎಲ್ ಮತ್ತು ಎಚ್ ಅಂತ ಬರೆದ ಪ್ಲಾಸ್ಟಿಕ್ ಕ್ಯಾಪ್ ಇರುತ್ತದಲ್ವಾ, ಅದರ ಕೆಳಗೆ ಪಿನ್ ವಾಲ್ವ್ ಇದೆ. ಆ ಕ್ಯಾಪ್ ಬರೀ ಧೂಳಿಗೆ ಅಲ್ಲ, ಗ್ಯಾಸ್ ತಡೆಯುವ ಎರಡನೇ ಬಾಗಿಲು ಅದೇ. ಎಷ್ಟೋ ಗಾಡಿಗಳಲ್ಲಿ ಯಾವುದೋ ಅಂಗಡಿಯಲ್ಲಿ ತೆಗೆದವರು ಮತ್ತೆ ಹಾಕೇ ಇರುವುದಿಲ್ಲ.

ಸೋಪು ನೀರು

ಕಣ್ಣಿನಿಂದ ನೋಡಿದ ಮೇಲೆ ಮೊದಲು ಮಾಡಬೇಕಾದ ಪರೀಕ್ಷೆ ಇದೇ, ಯಾಕೆಂದರೆ ಖರ್ಚಿಲ್ಲ. ಪಾತ್ರೆ ತೊಳೆಯುವ ಲಿಕ್ವಿಡ್ ಸ್ವಲ್ಪ, ನೀರು ಸ್ವಲ್ಪ. ಮಂದವಾಗಿ ಕಲಸಿ, ನೊರೆ ಬರಿಸಬೇಡಿ. ಎಸಿ ಪೋರ್ಟಿನ ಕ್ಯಾಪ್ ತೆಗೆದು ವಾಲ್ವ್ ಬಾಯಿಗೆ ಎರಡು ಹನಿ ಬಿಡಿ. ಒಂದು ನಿಮಿಷ ಕಣ್ಣು ಮಿಟುಕಿಸದೆ ನೋಡಿ. ಪಿನ್ ಸೋರುತ್ತಿದ್ದರೆ ನೀರಿನ ಮೈ ಮೊದಲು ಉಬ್ಬುತ್ತದೆ, ಮೆಲ್ಲಗೆ ಒಂದೇ ಒಂದು ಗುಳ್ಳೆ ದೊಡ್ಡದಾಗಿ ಒಡೆಯುತ್ತದೆ, ಮತ್ತೆ ಅಲ್ಲೇ ಇನ್ನೊಂದು ಏಳುತ್ತದೆ. ಇಷ್ಟು ಸಣ್ಣ ಗುಳ್ಳೆಯಿಂದ ಏನಾಗುತ್ತೆ ಅನ್ನಬೇಡಿ. ರಾತ್ರಿ ಹಗಲು ಬಿಡುವಿಲ್ಲದೆ ಹೋಗುತ್ತಿರುವ ಗುಳ್ಳೆ ಅದು.

ಪಿನ್ ಬದಲಿಸುವುದು ಕೆಲವೇ ರೂಪಾಯಿಯ ಕೆಲಸ. ಟೈರಿನ ಪಿನ್ ನೋಡಲು ಹಾಗೇ ಇದ್ದರೂ ಅದನ್ನು ಇಲ್ಲಿ ಹಾಕಬಾರದು. ಎಸಿಗೆ ಅಂತಲೇ ಮಾಡಿದ ಪಿನ್ ಬೇಕು. ಗ್ಯಾಸ್ ಒಳಗಿರುವಾಗ ಪಿನ್ ಬಿಚ್ಚಲು ವಿಶೇಷ ಟೂಲ್ ಇದೆ. ಅದಿಲ್ಲದೆ ಸುಮ್ನೆ ಬಿಚ್ಚಿದರೆ ಪಿನ್ ಬುಲೆಟ್ ಹಾಗೆ ಹಾರುತ್ತದೆ, ಕೈ ಮೇಲೆ ಗ್ಯಾಸ್ ಚಿಮ್ಮುತ್ತದೆ. ಆರ್-134ಎ ಕುದಿಯುವುದು ಮೈನಸ್ 26 ಡಿಗ್ರಿಯಲ್ಲಿ. ಚರ್ಮಕ್ಕೆ ತಾಗಿದರೆ ಸುಟ್ಟ ಹಾಗೇ ಬೊಬ್ಬೆ, ಕಣ್ಣಿಗೆ ಹೋದರೆ ಇನ್ನೂ ಕೆಟ್ಟದ್ದು. ಕನ್ನಡಕ, ಕೈಗವಸು ಇಲ್ಲದೆ ಪೋರ್ಟ್ ಮುಟ್ಟಬೇಡಿ. ಹತ್ತಿರ ಬೀಡಿ, ಸಿಗರೇಟು, ಗ್ಯಾಸ್ ವೆಲ್ಡಿಂಗ್ ಕೂಡ ಬೇಡ. ಬೆಂಕಿಗೆ ಸಿಕ್ಕಿದ ಈ ಗ್ಯಾಸ್ ಒಡೆದು ವಿಷದ ಹೊಗೆಯಾಗುತ್ತದೆ.

ಸೋಪು ನೀರಿನ ಮಿತಿ ಏನೆಂದರೆ ದೊಡ್ಡ, ನಡುತರದ ಸೋರಿಕೆಗಷ್ಟೇ ಆಗುತ್ತದೆ. ಆರು ತಿಂಗಳಿಗೆ ಖಾಲಿಯಾಗುವ ಸಣ್ಣ ಸೋರಿಕೆಗೆ ಇದು ಸಾಲದು.

ಯುವಿ ಡೈ: ನಿಧಾನ, ಆದರೆ ನಂಬಬಹುದು

ಮನೆಯಲ್ಲೇ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಯುವಿ (ಅಲ್ಟ್ರಾವಯಲೆಟ್) ಬೆಳಕಿಗೆ ಹೊಳೆಯುವ ಬಣ್ಣ ಈ ಡೈ. ಗ್ಯಾಸ್ ಜೊತೆ ಒಳಗೆ ಹೋಗುತ್ತದೆ, ಆಯಿಲ್‌ನಲ್ಲಿ ಬೆರೆತು ಸುತ್ತುತ್ತದೆ, ಸೋರುವ ಕಡೆ ಹೊರಗೆ ಬಂದು ಅಂಟಿಕೊಳ್ಳುತ್ತದೆ. ಯುವಿ ಟಾರ್ಚ್ ಹಾಕಿದರೆ ಹಳದಿ-ಹಸಿರಾಗಿ ಹೊಳೆಯುತ್ತದೆ. ಚಿಕ್ಕ ಕಾರಿಗೆ 5ರಿಂದ 7 ಮಿ.ಲೀ. ಸಾಕು, ಜಾಸ್ತಿ ಹಾಕಿದರೆ ಒಳಗಿನ ಆಯಿಲ್ ತೆಳುವಾಗುತ್ತದೆ. ಕೆಲವು ಗಾಡಿಗಳಿಗೆ ಕಾರ್ಖಾನೆಯಲ್ಲೇ ಡೈ ಹಾಕಿರುತ್ತಾರೆ. ಹಾಗಾಗಿ ಮೊದಲು ಟಾರ್ಚ್ ಹಾಕಿ ನೋಡಿ, ಆಮೇಲೆ ಡೈ ಕೊಳ್ಳಿ. ಟಾರ್ಚ್ ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಸಿಗುತ್ತದೆ, ಡೈ, ಓ-ರಿಂಗ್, ಪಿನ್ ಎಲ್ಲ ಜೆ.ಸಿ. ರಸ್ತೆಯ ಕಡೆ.

ಡೈ ಹಾಕಿದ ದಿನವೇ ಹುಡುಕಲು ಕೂರಬೇಡಿ. ಎಸಿ ಹಾಕಿಕೊಂಡು ಒಂದು ವಾರ ಓಡಿಸಿ. ಕತ್ತಲಾದ ಮೇಲೆ, ಅಪಾರ್ಟ್‌ಮೆಂಟ್ ಬೇಸ್‌ಮೆಂಟ್ ಆದರೆ ಇನ್ನೂ ಒಳ್ಳೆಯದು, ಹಳದಿ ಕನ್ನಡಕ ಹಾಕಿ ಮೊದಲು ಹೇಳಿದ ಜಾಗಗಳನ್ನೆಲ್ಲ ನಿಧಾನಕ್ಕೆ ನೋಡುತ್ತಾ ಬನ್ನಿ. ಇಲ್ಲಿ ಒಂದು ಮೋಸ ಇದೆ. ರೇಡಿಯೇಟರ್‌ನ ಹಸಿರು ಕೂಲೆಂಟ್ ಕೂಡ ಯುವಿಗೆ ಹೊಳೆಯುತ್ತದೆ. ಹೊಳೆದದ್ದೆಲ್ಲ ಎಸಿ ಸೋರಿಕೆ ಅಲ್ಲ. ಟಿಶ್ಯೂನಲ್ಲಿ ಒರೆಸಿ ಬೆರಳಲ್ಲಿ ಉಜ್ಜಿ: ಜಿಡ್ಡಾಗಿದ್ದರೆ ಎಸಿ ಆಯಿಲ್, ನೀರಿನ ಹಾಗಿದ್ದರೆ ಕೂಲೆಂಟ್.

ಒಳಗಿನ ಗಾಳಿಯನ್ನು ತಣ್ಣಗೆ ಮಾಡುವ ಕೂಲಿಂಗ್ ಕಾಯಿಲ್ ಡ್ಯಾಶ್‌ಬೋರ್ಡ್ ಒಳಗೆ ಅಡಗಿ ಕೂತಿರುವುದರಿಂದ ಅದನ್ನು ನೇರ ನೋಡಲಾಗದು. ಆದರೆ ಅದರ ನೀರು ಹೊರಗೆ ಬರುವ ಡ್ರೈನ್ ಪೈಪ್ ಇದೆಯಲ್ಲ, ಗಾಡಿ ಕೆಳಗೆ ನೀರು ತೊಟ್ಟಿಕ್ಕುತ್ತದಲ್ಲ, ಆ ಬಾಯಿಗೆ ಟಾರ್ಚ್ ಹಿಡಿಯಿರಿ. ಅಲ್ಲಿ ಹಳದಿ-ಹಸಿರು ಜಿಡ್ಡು ಕಂಡರೆ ಬೇಜಾರಿನ ಸುದ್ದಿ: ಕಾಯಿಲ್ ಹೋಗಿದೆ.

ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳಿಗೆ ಮೇಲಿನ ಯಾವುದನ್ನೂ ಮನೆಯಲ್ಲಿ ಮಾಡಬೇಡಿ. ಅವುಗಳ ಎಲೆಕ್ಟ್ರಿಕ್ ಕಂಪ್ರೆಸರ್‌ಗೆ ಬೇರೆಯೇ ಆಯಿಲ್ ಬೇಕು. ಸಾಮಾನ್ಯ ಕಾರುಗಳ ಎಸಿಗೆ ಹಾಕುವ ಪಿಎಜಿ ಆಯಿಲ್ ಒಂಚೂರು ಸೇರಿದರೂ ಹೈ ವೋಲ್ಟೇಜ್ ಬಾಡಿಗೆ ಸೋರುವ ಅಪಾಯ ಇದೆ. ಕಿತ್ತಳೆ ಬಣ್ಣದ ಕೇಬಲ್ ಕಂಡರೆ ಕೈ ಹಿಂದಕ್ಕೆ.

ಸ್ನಿಫರ್ ಹಿಡಿಯುವ ರೀತಿ

ಒಳ್ಳೆಯ ಅಂಗಡಿಗಳಲ್ಲಿ ಎಲೆಕ್ಟ್ರಾನಿಕ್ ಸ್ನಿಫರ್, ಅಂದರೆ ಸೋರುವ ಗ್ಯಾಸನ್ನು ಮೂಸಿ ಕೂಗುವ ಯಂತ್ರ ಇರುತ್ತದೆ. ಒಳ್ಳೆಯ ಗುಣಮಟ್ಟದ್ದಾದರೆ ವರ್ಷಕ್ಕೆ 4 ಗ್ರಾಂ ಸೋರುವ ತೂತನ್ನೂ ಹಿಡಿಯುತ್ತದೆ. ಆದರೆ ಹಿಡಿಯುವವನ ಕೈ ಸರಿಯಿರಬೇಕು. ನೀವು ಪಕ್ಕದಲ್ಲಿ ನಿಂತು ಗಮನಿಸಬೇಕಾದದ್ದು ಇಷ್ಟು: ಇಂಜಿನ್ ಆಫ್ ಇರಬೇಕು. ಈ ಗ್ಯಾಸ್ ಗಾಳಿಗಿಂತ ಭಾರ, ಕೆಳಗೆ ಇಳಿಯುತ್ತದೆ, ಹಾಗಾಗಿ ಮೂತಿ ಜಾಯಿಂಟಿನ ಕೆಳಗೆ, ತೀರಾ ಹತ್ತಿರ, ಸೆಕೆಂಡಿಗೆ ಎರಡು ಬೆರಳಷ್ಟು ಜಾಗ ಮಾತ್ರ ಸರಿಯುತ್ತಾ ಹೋಗಬೇಕು. ಫೋನಿನಲ್ಲಿ ಮಾತಾಡುತ್ತಾ ಬಾನೆಟ್ ಮೇಲೆಲ್ಲ ಒಂದು ಸಲ ಬೀಸಿ "ಲೀಕ್ ಇಲ್ಲ" ಅಂದರೆ ಅದು ಪರೀಕ್ಷೆಯೇ ಅಲ್ಲ. ಪೆಟ್ರೋಲ್ ಆವಿಗೆ, ಬ್ರೇಕ್ ಕ್ಲೀನರ್‌ಗೆ, ಸೆಂಟಿಗೂ ಕೆಲವು ಸ್ನಿಫರ್‌ಗಳು ಕೂಗುತ್ತವೆ. ಅದಕ್ಕೇ ಕೂಗಿದ ಜಾಗಕ್ಕೆ ಗಾಳಿ ಊದಿ, ಮತ್ತೆ ಹಿಡಿದು, ಎರಡನೇ ಸಲವೂ ಕೂಗಿದರೆ ಮಾತ್ರ ನಂಬಬೇಕು.

ಇಂಜಿನ್ ಯಾಕೆ ಆಫ್ ಇರಬೇಕು ಅಂದರೆ, ಎಸಿ ಓಡುವಾಗ ಕೂಲಿಂಗ್ ಕಾಯಿಲ್‌ನಲ್ಲಿ ಇರುವುದು ಮೂವತ್ತು ಚಿಲ್ಲರೆ ಪಿಎಸ್‌ಐ. ಆಫ್ ಮಾಡಿ ಸ್ವಲ್ಪ ಹೊತ್ತು ಬಿಟ್ಟರೆ ಎರಡೂ ಕಡೆ ಸಮ ಆಗಿ ಅದೇ ಕಾಯಿಲ್‌ನಲ್ಲಿ 80-90 ಬರುತ್ತದೆ. ಸಣ್ಣ ತೂತು ಆಗ ಬಾಯಿ ಬಿಡುತ್ತದೆ. ಕಾಯಿಲ್ ಪರೀಕ್ಷೆಗೆ ಬ್ಲೋವರ್ ಸ್ವಲ್ಪ ಹೊತ್ತು ಜೋರಾಗಿ ಓಡಿಸಿ ಹಳೆ ಗಾಳಿ ಹೊರಗೆ ಹಾಕಿ, ಆಫ್ ಮಾಡಿ, ಹತ್ತು ನಿಮಿಷ ಬಿಟ್ಟು, ಡ್ರೈನ್ ಪೈಪಿನ ಹತ್ತಿರವೋ ಬ್ಲೋವರ್ ಬಾಕ್ಸಿನ ಸಂದಿಯಲ್ಲೋ ಮೂತಿ ಹಿಡಿಯಬೇಕು. ನೀರು ಮಾತ್ರ ತಾಗಬಾರದು.

ಸಿಸ್ಟಮ್ ಪೂರ್ತಿ ಖಾಲಿಯಾಗಿದ್ದರೆ ನೈಟ್ರೋಜನ್

ಹುಡುಕಲು ಒಳಗೆ ಪ್ರೆಶರ್ ಬೇಕಲ್ಲ. ಪ್ರೆಶರ್‌ಗಾಗಿ ಹೊಸ ಗ್ಯಾಸ್ ತುಂಬಿಸಿ ಸೋರಿಸುವುದು ದಂಡ. ಒಣ ನೈಟ್ರೋಜನ್ ತುಂಬಿಸಿ ಸುಮಾರು 150 ಪಿಎಸ್‌ಐವರೆಗೆ ಏರಿಸಿ ಸೋಪು ನೀರು ಹಚ್ಚಿ ನೋಡುವುದು ಸರಿಯಾದ ದಾರಿ. ರೆಗ್ಯುಲೇಟರ್ ಇಲ್ಲದೆ ನೈಟ್ರೋಜನ್ ಸಿಲಿಂಡರ್ ಮುಟ್ಟಲೇಬಾರದು. ತುಂಬಿದ ಸಿಲಿಂಡರ್ ಒಳಗೆ ಎರಡು ಸಾವಿರ ಪಿಎಸ್‌ಐ ಮೇಲೆ ಇರುತ್ತದೆ. ಪೆಟ್ರೋಲ್ ಬಂಕಿನಲ್ಲಿ ಟೈರಿಗೆ ಹಾಕುವ ನೈಟ್ರೋಜನ್ ಇದಕ್ಕೆ ಆಗುವುದಿಲ್ಲ. ಸಾಮಾನ್ಯ ಏರ್ ಕಂಪ್ರೆಸರ್ ಗಾಳಿಯೂ ಬೇಡ: ತೇವ ಒಳಗೆ ಹೋಗುತ್ತದೆ. ಅಷ್ಟೇ ಅಲ್ಲ, ಪ್ರೆಶರ್ ಇರುವ ಗಾಳಿ ಜೊತೆ ಉಳಿದ ಗ್ಯಾಸ್ ಬೆರೆತರೆ ಹೊತ್ತಿಕೊಳ್ಳುವ ಅಪಾಯವೂ ಇದೆ. ಆಕ್ಸಿಜನ್ ಸಿಲಿಂಡರ್ ಯಾರಾದರೂ ತಂದರೆ ಗಾಡಿ ತೆಗೆದುಕೊಂಡು ಹೊರಡಿ. ಎಸಿ ಆಯಿಲ್ ಜೊತೆ ಆಕ್ಸಿಜನ್ ಸೇರಿದರೆ ಸಿಡಿಯುತ್ತದೆ.

ರಾತ್ರಿಯಿಡೀ ಬಿಟ್ಟು ನೋಡುವುದಾದರೆ ಚಳಿಯ ಲೆಕ್ಕ ಇಟ್ಟುಕೊಳ್ಳಿ. 30 ಡಿಗ್ರಿಯಲ್ಲಿ 150 ಇದ್ದದ್ದು ಬೆಳಗಿನ 20 ಡಿಗ್ರಿಗೆ ತಾನಾಗಿ 145ರ ಹತ್ತಿರ ಇಳಿದಿರುತ್ತದೆ. ಅದು ಸೋರಿಕೆ ಅಲ್ಲ.

ರಿಪೇರಿ

ಜಾಯಿಂಟ್ ಸೋರಿಕೆ ಆದರೆ ಅದೃಷ್ಟ. ಉಳಿದ ಗ್ಯಾಸನ್ನು ಮಷೀನ್‌ನಿಂದ ಹೊರತೆಗೆಸಿ, ಜಾಯಿಂಟ್ ಬಿಚ್ಚಿ, ಹಳೆ ಓ-ರಿಂಗ್ ತೆಗೆದು, ಕೂರುವ ಜಾಗದಲ್ಲಿ ಗೀರು ಬಿದ್ದಿದೆಯಾ ಅಂತ ಬೆರಳುಗುರಿನಿಂದ ತಡವಿ ನೋಡಿ, ಹೊಸ ರಿಂಗಿಗೆ ಎಸಿ ಆಯಿಲ್ ಸವರಿ ಕೂರಿಸಬೇಕು. ರಿಂಗ್ ಎಸಿಗೆ ಅಂತ ಮಾಡಿದ್ದೇ ಆಗಬೇಕು, ಸಾಮಾನ್ಯವಾಗಿ ಹಸಿರು ಬಣ್ಣದ್ದು. ನೀರಿನ ನಲ್ಲಿಯ ಕಪ್ಪು ರಿಂಗ್ ಅಳತೆ ಸರಿಹೋದರೂ ಕೆಲವೇ ತಿಂಗಳು. ನಟ್ ಇರುವ ಜಾಯಿಂಟ್ ಆದರೆ ಎರಡು ಸ್ಪ್ಯಾನರ್ ಹಾಕಿ, ಒಂದರಲ್ಲಿ ಹಿಡಿದು ಇನ್ನೊಂದರಲ್ಲಿ ತಿರುಗಿಸಿ. ಒಂದೇ ಸ್ಪ್ಯಾನರ್‌ನಲ್ಲಿ ಜೋರು ಮಾಡಿದರೆ ಅಲ್ಯೂಮಿನಿಯಂ ಪೈಪ್ ತಿರುಚಿಕೊಂಡು ಹೊಸ ಸೋರಿಕೆ ಹುಟ್ಟುತ್ತದೆ. ಬಿಚ್ಚಿದ ಪೈಪಿನ ಬಾಯಿ ತೆರೆದಿಡಬೇಡಿ, ತಕ್ಷಣ ಪ್ಲಾಸ್ಟಿಕ್ ಸುತ್ತಿ ಕಟ್ಟಿ. ಪಿಎಜಿ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಮಲೆನಾಡಿನ ಮಳೆಗಾಲದಲ್ಲಂತೂ ಹೇಳುವುದೇ ಬೇಡ.

ಕಂಡೆನ್ಸರ್ ತೂತಾದರೆ ಬದಲಿಸಿ. ಎಂ-ಸೀಲ್, ಅರಾಲ್ಡೈಟ್ ಮೆತ್ತಿ ಕೊಡುವವರಿದ್ದಾರೆ. ಇನ್ನೂರು ಪಿಎಸ್‌ಐ ಮತ್ತು ಆ ಬಿಸಿಗೆ ಅದು ಎಷ್ಟು ದಿನ ನಿಲ್ಲುತ್ತದೆ ಅಂತ ನೀವೇ ಯೋಚಿಸಿ. ದಪ್ಪ ಅಲ್ಯೂಮಿನಿಯಂ ಪೈಪಿಗೆ ಒಳ್ಳೆ ವೆಲ್ಡಿಂಗ್ ಮಾಡುವವರು ಸಿಕ್ಕರೆ ಅದು ನಿಲ್ಲುತ್ತದೆ, ಕಂಡೆನ್ಸರ್‌ನ ತೆಳು ಕೊಳವೆಗೆ ಅಷ್ಟು ಸುಲಭವಲ್ಲ.

ಕೂಲಿಂಗ್ ಕಾಯಿಲ್ ದೊಡ್ಡ ಕೆಲಸ. ಕೆಲವು ಹಳೆ ಚಿಕ್ಕ ಗಾಡಿಗಳಲ್ಲಿ ಗ್ಲೋವ್ ಬಾಕ್ಸ್ ಬಿಚ್ಚಿದರೆ ಕೈಗೆ ಸಿಗುತ್ತದೆ, ಹೆಚ್ಚಿನವುಗಳಲ್ಲಿ ಇಡೀ ಡ್ಯಾಶ್‌ಬೋರ್ಡ್ ಇಳಿಸಬೇಕು. ಡ್ಯಾಶ್‌ಬೋರ್ಡ್ ಒಮ್ಮೆ ಬಿಚ್ಚಿದ ಗಾಡಿ ಆಮೇಲೆ ಎಲ್ಲೋ ಕಿರ್ ಅನ್ನುತ್ತಲೇ ಇರುತ್ತದೆ, ಅದಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ. ಎರಡನೇ ಸಲ ಬಿಚ್ಚಬಾರದು ಅಂದರೆ ಎಕ್ಸ್‌ಪ್ಯಾನ್ಶನ್ ವಾಲ್ವ್ (ಕಾಯಿಲ್‌ಗೆ ಗ್ಯಾಸನ್ನು ಅಳೆದು ಬಿಡುವ ವಾಲ್ವ್) ಮತ್ತು ಅಲ್ಲಿನ ಎಲ್ಲಾ ಓ-ರಿಂಗ್ ಒಟ್ಟಿಗೇ ಬದಲಿಸಿ, ಡ್ರೈನ್ ಪೈಪ್ ತೊಳೆಸಿ. ಬೇರೆಲ್ಲಾ ಕಡೆ ನೋಡಿ, ಡೈ ಅಥವಾ ಸ್ನಿಫರ್ ಸಾಕ್ಷಿ ಸಿಗದ ಹೊರತು ಈ ಕೆಲಸಕ್ಕೆ ಒಪ್ಪಬೇಡಿ. "ಹೊರಗೆಲ್ಲೂ ಕಾಣ್ತಿಲ್ಲ, ಹಾಗಾದ್ರೆ ಕಾಯಿಲ್ಲೇ" ಅನ್ನುವುದು ಊಹೆ. ಊಹೆಗೆ ಡ್ಯಾಶ್‌ಬೋರ್ಡ್ ಇಳಿಸಬಾರದು.

ಸಿಸ್ಟಮ್ ತುಂಬಾ ದಿನ ಬಾಯಿ ತೆರೆದಿದ್ದರೆ ಒಳಗಿನ ತೇವ ಹೀರುವ ಡ್ರೈಯರ್ ಬದಲಿಸಲೇಬೇಕು. ಎಷ್ಟೋ ಗಾಡಿಗಳಲ್ಲಿ ಅದು ಕಂಡೆನ್ಸರ್ ಪಕ್ಕಕ್ಕೇ ಅಂಟಿಕೊಂಡಿರುತ್ತದೆ. ಹೊಸ ಭಾಗ ಹಾಕಿದಾಗ ಅದರಲ್ಲಿ ಉಳಿದು ಹೋದ ಆಯಿಲ್‌ನಷ್ಟು ಹೊಸದು ಹಾಕಬೇಕು. ಎಷ್ಟು, ಯಾವ ನಂಬರಿನದು ಎಂಬುದು ಗಾಡಿಯ ಮ್ಯಾನುವಲ್‌ನಲ್ಲಿದೆ, ಆಯಿಲ್ ನಂಬರ್ ಸಾಮಾನ್ಯವಾಗಿ ಕಂಪ್ರೆಸರ್ ಮೇಲಿನ ಸ್ಟಿಕ್ಕರ್‌ನಲ್ಲೂ ಇರುತ್ತದೆ.

ಒಳಗೆ ಹಾಕಿದರೆ ತೂತು ತಾನೇ ಮುಚ್ಚುತ್ತದೆ ಅಂತ ಮಾರುವ ಸ್ಟಾಪ್-ಲೀಕ್ ಕ್ಯಾನ್ ಬಗ್ಗೆ ಒಂದೇ ಮಾತು: ಬೇಡ. ತೇವ ತಾಗಿದ ಕಡೆ ಗಟ್ಟಿಯಾಗುವ ಆ ವಸ್ತು ಹೊರಗಿನ ತೂತನ್ನೇ ಹುಡುಕಿ ಕೂರುತ್ತದೆ ಅನ್ನುವ ಖಾತರಿ ಇಲ್ಲ. ಎಕ್ಸ್‌ಪ್ಯಾನ್ಶನ್ ವಾಲ್ವ್‌ನ ಸಣ್ಣ ದಾರಿಯಲ್ಲೂ ಕೂರಬಹುದು, ಗ್ಯಾರೇಜಿನವರ ಮಷೀನಿನಲ್ಲೂ ಕೂರಬಹುದು. ಹಾಕಿದ್ದು ಗೊತ್ತಾದರೆ ಒಳ್ಳೆ ಅಂಗಡಿಯವರು ಗಾಡಿ ಮುಟ್ಟುವುದಿಲ್ಲ.

ವ್ಯಾಕ್ಯೂಮ್, ಆಮೇಲೆ ಗ್ಯಾಸ್

ರಿಪೇರಿ ಮುಗಿದ ಮೇಲೆ ಪಂಪ್ ಹಾಕಿ ಕನಿಷ್ಠ ಅರ್ಧ ಗಂಟೆ, ಸಾಧ್ಯವಾದರೆ ಮುಕ್ಕಾಲು ಗಂಟೆ ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಒಳಗಿನ ಗಾಳಿಯನ್ನೆಲ್ಲ ಹೊರಗೆ ಹೀರಬೇಕು. ಒಳಗಿನ ತೇವ ಕುದಿದು ಆವಿಯಾಗಿ ಹೋಗಲು ಅಷ್ಟು ಹೊತ್ತು ಬೇಕು. ಐದು ನಿಮಿಷದ ವ್ಯಾಕ್ಯೂಮ್ ಲೆಕ್ಕಕ್ಕಿಲ್ಲ. ಪುಸ್ತಕಗಳಲ್ಲಿ ಗೇಜ್‌ನಲ್ಲಿ 29 ಇಂಚು (ಪಾದರಸದ ಅಳತೆ) ಬರಬೇಕು ಅಂತ ಇರುತ್ತದೆ. ಅದು ಸಮುದ್ರ ಮಟ್ಟದ ಮಾತು. ಮಂಗಳೂರಿನಲ್ಲಿ 29 ದಾಟುತ್ತದೆ, ಆದರೆ ಬೆಂಗಳೂರು ಸುಮಾರು 3000 ಅಡಿ ಎತ್ತರದಲ್ಲಿದೆ, ಇಲ್ಲಿ ಹೊಚ್ಚ ಹೊಸ ಪಂಪ್ ಹಾಕಿದರೂ ಗೇಜ್ 27ರ ಹತ್ತಿರ ನಿಂತುಬಿಡುತ್ತದೆ. ಮಡಿಕೇರಿಯಲ್ಲಿ ಇನ್ನೂ ಕಮ್ಮಿ, 26. ಇಪ್ಪತ್ತೊಂಬತ್ತು ಬರುತ್ತಿಲ್ಲ ಅಂತ ಇಲ್ಲದ ಸೋರಿಕೆ ಹುಡುಕುತ್ತಾ ಕೂರಬೇಡಿ.

ಪಂಪ್ ನಿಲ್ಲಿಸಿ ವಾಲ್ವ್ ಮುಚ್ಚಿ ಇಪ್ಪತ್ತು ನಿಮಿಷ ಮುಳ್ಳು ನೋಡಿ. ಜರುಗಿದರೆ ಸೋರಿಕೆ ಇದೆ, ಅಥವಾ ಒಳಗೆ ತೇವ ಉಳಿದಿದೆ. ಜರುಗದಿದ್ದರೆ ಸೋರಿಕೆ ಇಲ್ಲ ಅಂತ ಹೇಳಲಾಗದು. ವ್ಯಾಕ್ಯೂಮ್‌ನಲ್ಲಿ ಹೊರಗಿನಿಂದ ಒತ್ತುವುದು ಹದಿನೈದು ಪಿಎಸ್‌ಐಗಿಂತ ಕಮ್ಮಿ, ಅದೂ ಉಲ್ಟಾ ದಿಕ್ಕಿನಲ್ಲಿ. ಇನ್ನೂರು ಪಿಎಸ್‌ಐಗೆ ಬಾಯಿ ಬಿಡುವ ತೂತು ಇಷ್ಟಕ್ಕೆ ಸುಮ್ಮನಿರಬಹುದು.

ಗ್ಯಾಸನ್ನು ಪ್ರೆಶರ್ ನೋಡಿ ಅಲ್ಲ, ತೂಕ ನೋಡಿ ಹಾಕಬೇಕು. ಬಾನೆಟ್ ಅಡಿಯ ಸ್ಟಿಕ್ಕರ್‌ನಲ್ಲಿ ಯಾವ ಗ್ಯಾಸ್, ಎಷ್ಟು ಗ್ರಾಂ ಎರಡೂ ಬರೆದಿರುತ್ತದೆ. ಚಿಕ್ಕ ಕಾರುಗಳಿಗೆ ಸಾಮಾನ್ಯವಾಗಿ 300ರಿಂದ 500 ಗ್ರಾಂ. ಕೆಲವು ಹೊಸ ದುಬಾರಿ ಗಾಡಿಗಳಲ್ಲಿ ಆರ್-1234ವೈಎಫ್ ಇರುತ್ತದೆ, ಅದರ ಪೋರ್ಟೇ ಬೇರೆ, ಎರಡನ್ನೂ ಬೆರೆಸಬಾರದು. 350 ಗ್ರಾಂ ಗಾಡಿಗೆ 450 ಗ್ರಾಂ ಕ್ಯಾನ್ ಪೂರ್ತಿ ಇಳಿಸಿದರೆ ಕೂಲಿಂಗ್ ಜಾಸ್ತಿಯಾಗುವುದಿಲ್ಲ, ಕಮ್ಮಿಯಾಗುತ್ತದೆ. ಕಂಪ್ರೆಸರ್‌ಗೂ ಭಾರ. ಕ್ಯಾನ್ ಅನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿ ಮೇಲೆ ನಿಲ್ಲಿಸಿಕೊಂಡು, ಇಂಜಿನ್ ಓಡುತ್ತಿರುವಾಗ, ನೀಲಿ ಕಡೆಯಿಂದ ಮಾತ್ರ, ಕ್ಯಾನ್ ನೆಟ್ಟಗಿಟ್ಟು ಹಾಕಿ. ತಲೆಕೆಳಗೆ ಮಾಡಿದರೆ ದ್ರವ ನುಗ್ಗಿ ಕಂಪ್ರೆಸರ್ ಒಡೆಯಬಹುದು. ಇಂಜಿನ್ ಓಡುವಾಗ ಕೆಂಪು ವಾಲ್ವ್ ತೆರೆದರೆ ಇನ್ನೂರು ಪಿಎಸ್‌ಐ ಕ್ಯಾನಿನೊಳಗೇ ನುಗ್ಗುತ್ತದೆ, ಕ್ಯಾನ್ ಸಿಡಿಯುತ್ತದೆ.

ತೀರಾ ಅಗ್ಗದ ಕ್ಯಾನ್ ಕೊಳ್ಳಬೇಡಿ. 2011ರಲ್ಲಿ ನಕಲಿ ಆರ್-134ಎ ತುಂಬಿದ ಹಡಗಿನ ಶೀತಲ ಕಂಟೇನರ್‌ಗಳು ಸಿಡಿದು ಜನ ಸತ್ತಿದ್ದರು. ಒಳಗಿದ್ದದ್ದು ಮೀಥೈಲ್ ಕ್ಲೋರೈಡ್, ಅಲ್ಯೂಮಿನಿಯಂ ಜೊತೆ ಸೇರಿ ಗಾಳಿ ತಾಗಿದರೆ ಹೊತ್ತಿಕೊಳ್ಳುವ ವಸ್ತು ಮಾಡುವಂಥದ್ದು. ಅಡುಗೆ ಗ್ಯಾಸ್ ಥರದ್ದನ್ನು ಎಸಿಗೆ ಹಾಕುವವರೂ ಇದ್ದಾರೆ. ಕೂಲಿಂಗ್ ಚೆನ್ನಾಗಿಯೇ ಬರುತ್ತದೆ, ಆದರೆ ಕಾಯಿಲ್ ಸೋರಿದ ದಿನ ಆ ಗ್ಯಾಸ್ ತುಂಬುವುದು ನೀವು ಕೂತಿರುವ ಕ್ಯಾಬಿನ್ ಒಳಗೆ.

ಎಲ್ಲ ಮುಗಿದ ಮೇಲೆ ಹಳೆ ಡೈ ಕಲೆಗಳನ್ನು ಒರೆಸಿ ಸ್ವಚ್ಛ ಮಾಡಿ. ಇಲ್ಲದಿದ್ದರೆ ಮುಂದಿನ ಸಲ ಹಳೆಯದ್ಯಾವುದು ಹೊಸದ್ಯಾವುದು ಗೊತ್ತಾಗದು. ಎರಡು ವಾರ ಬಿಟ್ಟು ಮತ್ತೆ ಒಮ್ಮೆ ಟಾರ್ಚ್ ಹಾಕಿ ನೋಡಿ. ಎರಡೂ ಪೋರ್ಟಿಗೆ ಕ್ಯಾಪ್ ಇದೆಯಾ ನೋಡಿಕೊಳ್ಳಿ. ಎಷ್ಟು ಗ್ರಾಂ ಹಾಕಿದರು, ಯಾವ ಆಯಿಲ್, ಯಾವ ತಾರೀಕು ಅಂತ ಬಿಲ್ಲಿನ ಮೇಲೆ ಬರೆಸಿಕೊಂಡು ಅದರ ಫೋಟೋ ಇಟ್ಟುಕೊಳ್ಳಿ. ಮುಂದಿನ ಸಲ ಮಷೀನ್‌ನಿಂದ ಗ್ಯಾಸ್ ಹೊರತೆಗೆಸಿದಾಗ ಎಷ್ಟು ಸಿಕ್ಕಿತು ಅಂತ ಇದರ ಜೊತೆ ಹೋಲಿಸಿದರೆ ಸೋರಿಕೆ ನಿಂತಿದೆಯೋ ಇಲ್ಲವೋ ಲೆಕ್ಕ ಸಿಗುತ್ತದೆ. ಮಳೆಗಾಲ, ಚಳಿಗಾಲ ಅಂತ ಎಸಿ ತಿಂಗಳುಗಟ್ಟಲೆ ಆಫ್ ಇಡಬೇಡಿ. ವಾರಕ್ಕೊಮ್ಮೆ ಹತ್ತು ನಿಮಿಷ ಓಡಿಸಿದರೆ ಆಯಿಲ್ ಸುತ್ತಿ ಶಾಫ್ಟ್ ಸೀಲ್ ಒಣಗದೆ ಉಳಿಯುತ್ತದೆ, ಜೊತೆಗೆ ಮಳೆಯಲ್ಲಿ ಗಾಜಿನ ಮಂಜೂ ಬೇಗ ಹೋಗುತ್ತದೆ.